ಬಿಸಿಲ ನಾಡಿನ ಕ್ಯಾಂಪರ್ ವ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯ ನಮ್ಮ ಓಣಿಯಲ್ಲಿ ಒಂದು ಬಿಳಿ ಟ್ರಾವೆಲರ್ ಗಾಡಿ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹೋಗುವ ಗಾಡಿಯಂತೆಯೇ ಕಾಣುತ್ತದೆ. ಬಾಗಿಲು ಸರಿಸಿದರೆ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಸಣ್ಣ ಫ್ರಿಜ್ಜು. ಹಳೆಯ ಗಾಡಿಯೊಂದನ್ನು ಕೊಂಡು ನಾನೂ ನನ್ನ ಹೆಂಡತಿಯೂ ಎರಡು ವರ್ಷ ಹಿಡಿದು ಅದನ್ನು ಕ್ಯಾಂಪರ್ ವ್ಯಾನ್, ಅಂದರೆ ಚಕ್ರದ ಮೇಲಿನ ಮನೆ ಮಾಡಿದೆವು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ನೋಡಲು ಬಂದವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಕೂಡಿಸಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಂಪರ್ ವ್ಯಾನ್ ಕಟ್ಟುವುದನ್ನು ಕಲಿಸುವ ವಿಡಿಯೊಗಳಲ್ಲಿ ಬಹುಪಾಲು ಚಳಿ ದೇಶದವು. ಗಾಡಿಯೊಳಗಿನ ಕಾವು ಹೊರಗೆ ಹೋಗದಂತೆ ತಡೆಯುವುದೇ ಅವರ ಚಿಂತೆ. ಒಳಗೆ ನುಗ್ಗುವ ಬಿಸಿಲನ್ನೂ ದೂಳನ್ನೂ ತಡೆಯುವುದು ನಮ್ಮ ಚಿಂತೆ. ಇಲ್ಲಿನ ಉತ್ತರಗಳೆಲ್ಲ ಆ ವ್ಯತ್ಯಾಸದಿಂದಲೇ ಹುಟ್ಟಿದವು.

ಸೀಟು ಕಿತ್ತು ಹಾಸಿಗೆ ಹಾಕಿದರೆ ಕ್ಯಾಂಪರ್ ವ್ಯಾನ್ ಆಯಿತೇ?

ಮಲಗುವ ಮಟ್ಟಿಗೆ ಆಯಿತು, ಕಾಗದದ ಮಟ್ಟಿಗೆ ಆಗಲಿಲ್ಲ. ನಮ್ಮ ದೇಶದಲ್ಲಿ ಮೋಟಾರ್ ಕ್ಯಾರವಾನ್‌ಗೆ, ಅಂದರೆ ಇಂಥ ವಾಸದ ಗಾಡಿಗೆ, ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಕೂರಲು ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆಯ ಏರ್ಪಾಡು, ಸಾಮಾನು ಇಡುವ ಜಾಗ ಎಂಬ ನಾಲ್ಕೂ ಇರಬೇಕು. ನೋಂದಣಿಯ ವಾಹನ ವರ್ಗಗಳಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬುದೂ ಒಂದು.

ಆರ್‌ಟಿಒ ಕಚೇರಿಗೆ ಹೋಗದೆ ಕೆಲಸ ಮುಗಿಸಬಹುದೇ?

ಬೇಡ. ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಹೇಳಿದ ಮೇಲೂ ಹೆಚ್ಚು ಜನ ಕಡೆಗಣಿಸುವುದೂ ಇದನ್ನೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತವಾಗಿ ಹೇಳಿತು. ಚಾವಣಿ ಕತ್ತರಿಸಿ ಎತ್ತರಿಸುವುದು, ಚಾಸಿ ಉದ್ದ ಮಾಡುವುದು, ಸೀಟಿನ ಸಂಖ್ಯೆ ಬದಲಿಸುವುದು ಎಲ್ಲವೂ ಇದರೊಳಗೆ ಬರುತ್ತವೆ.

ದಾರಿ ಎರಡಿವೆ. ಎಐಎಸ್-124ರ ಅನುಮೋದನೆ ಪಡೆದ ಬಾಡಿ ಬಿಲ್ಡರ್ ಹತ್ತಿರ ಕಟ್ಟಿಸಿ, ಆರ್‌ಸಿಯಲ್ಲಿ ವರ್ಗ ಬದಲಿಸಿಕೊಳ್ಳುವುದು ಒಂದು. ಖರ್ಚು ಹೆಚ್ಚು, ಆದರೆ ಆಮೇಲೆ ನಿಶ್ಚಿಂತೆ. ಗಾಡಿಯ ಸೀಟನ್ನೂ ದೇಹವನ್ನೂ ಮುಟ್ಟದೆ, ಬಿಚ್ಚಿ ಇಳಿಸಬಹುದಾದ ಮಂಚ, ಪೆಟ್ಟಿಗೆ, ಒಲೆಗಳನ್ನು ಸಾಮಾನಿನಂತೆ ಹೇರಿಕೊಂಡು ಹೋಗುವುದು ಇನ್ನೊಂದು. ಚಿಕ್ಕ ವ್ಯಾನಿಗೆ ಎರಡನೆಯದೇ ವಾಸಿ. ನಾವು ಮೊದಲನೆಯದನ್ನು ಆರಿಸಿದೆವು. ಕೆಲಸ ಶುರು ಮಾಡುವ ಮುನ್ನ ನಕ್ಷೆ, ಸೀಟಿನ ಜಾಗ, ಚಾವಣಿಯ ಸೌರಫಲಕ ಎಲ್ಲವನ್ನೂ ಬರೆದು ಅರ್ಜಿ ಕೊಟ್ಟೆವು. ನಿಮ್ಮ ಗಾಡಿ ಕೆಎ-34 ಇರಲಿ, 36 ಅಥವಾ 37 ಇರಲಿ, ನೋಂದಣಿಯಾದ ಕಚೇರಿಯಲ್ಲಿ ಮೊದಲು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಹೆದ್ದಾರಿಯ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಹಳದಿ ಬೋರ್ಡಿನ ಟಿ.ಟಿ. (ಟೆಂಪೊ ಟ್ರಾವೆಲರ್) ಅಗ್ಗಕ್ಕೆ ಸಿಗುತ್ತದೆ ಎಂದು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪರ್ಮಿಟ್ ಒಪ್ಪಿಸಿ, ಖಾಸಗಿ ವರ್ಗಕ್ಕೆ ಬದಲಿಸಿ, ತೆರಿಗೆಯ ಲೆಕ್ಕ ಮುಗಿಸುವವರೆಗೂ ಅದು ನಿಮ್ಮ ಮನೆಯಲ್ಲ, ಪ್ರವಾಸಿ ವಾಹನವೇ. ಹಳೆಯ ಸಾಲದ ನಮೂದು, ಬಾಕಿ ದಂಡಗಳನ್ನು ನೋಡಿಯೇ ಮುಂಗಡ ಕೊಡಿ.

ಓಡಿಸಲು ಬೇರೆ ಲೈಸೆನ್ಸ್ ಬೇಕೇ?

ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು. ನಾವು ಇಲ್ಲಿ ಮಾತನಾಡುವ ವ್ಯಾನುಗಳೆಲ್ಲ ಅದಕ್ಕಿಂತ ಹಗುರ.

ವಿಮೆ?

ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿ, ಒಳಗಿನ ಸಾಮಗ್ರಿಯ ಬೆಲೆಯನ್ನೂ ಸೇರಿಸಿ ಪಾಲಿಸಿ ಮಾಡಿಸಿ. ತಿಳಿಸದ ಮಾರ್ಪಾಡು ಇದ್ದರೆ ಅಪಘಾತದ ದಿನ ಪರಿಹಾರ ನಿರಾಕರಿಸಲು ಅವರಿಗೆ ಕಾರಣ ಸಿಕ್ಕಿದಂತೆ. ಬಿಲ್ಲುಗಳನ್ನು ಕಾಯ್ದಿಡಿ.

ಯಾವ ಗಾಡಿ ಕೊಳ್ಳಬೇಕು?

ಒಳಗೆ ಎದ್ದು ನಿಲ್ಲಲೇಬೇಕು ಎನ್ನುವವರಿಗೆ ಎತ್ತರದ ಚಾವಣಿಯ ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್. ಇಬ್ಬರೇ ಇದ್ದು, ಅಡುಗೆ ಹೊರಗೆ ಮಾಡಿಕೊಳ್ಳುತ್ತೇವೆ ಎನ್ನುವವರಿಗೆ ಮಾರುತಿ ಇಕೋ ಕೂಡ ಸಾಕು. ನಾನು ಟ್ರಾವೆಲರ್ ಕೊಂಡದ್ದಕ್ಕೆ ಕಾರಣ ಸರಳ: ಸಿಂಧನೂರಿನಿಂದ ಕುಷ್ಟಗಿಯವರೆಗೆ ಯಾವ ಊರಿನಲ್ಲಿ ಕೆಟ್ಟು ನಿಂತರೂ ಅದರ ಬಿಡಿಭಾಗ ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಅದರಲ್ಲಿ ಹಿಂದಿನ ಚಕ್ರಗಳು ಎಳೆಯುತ್ತವೆ, ವಿಂಗರಿನಲ್ಲಿ ಮುಂದಿನವು. ಮಂಚ, ನೀರು, ಬ್ಯಾಟರಿ ಎಲ್ಲ ಹಿಂಭಾಗಕ್ಕೆ ಸೇರಿದ ಮೇಲೆ ತೇವದ ಮಣ್ಣಿನ ಏರಿನಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹಳೆಯ ಗಾಡಿ ನೋಡುವಾಗ ಎಂಜಿನ್‌ಗಿಂತ ಮೊದಲು ತಗಡನ್ನು ನೋಡಿ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ನೆಲಕ್ಕೆ ಮನೆ ಕಟ್ಟಲಾಗದು. ಮ್ಯಾಟ್ ಎತ್ತಿ, ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡಿನ ಸದ್ದೇ ಬೇರೆ.

ಶಿವರಾತ್ರಿ ಕಳೆದ ಮೇಲೆ ವ್ಯಾನಿನೊಳಗೆ ಕೂರಲು ಸಾಧ್ಯವೇ?

ಸಾಧ್ಯ, ಆದರೆ ಗಾಡಿಯನ್ನು ಅದಕ್ಕೆಂದೇ ಕಟ್ಟಿರಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಮುಚ್ಚಿದ ತಗಡಿನ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಜನರು ಬಂದ ಕೂಡಲೇ ಇನ್ಸುಲೇಷನ್ ಬಗ್ಗೆ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಗಾಜು, ಆಮೇಲೆ ಚಾವಣಿ, ಆಮೇಲೆ ಗಾಳಿ.

ಗಾಜಿನ ಮೂಲಕ ಬರುವ ಬಿಸಿಲೇ ಒಳಗಿನ ಕಾವಿನ ದೊಡ್ಡ ಪಾಲು. ಒಳಗೆ ಪರದೆ ಹಾಕಿದರೆ ಪ್ರಯೋಜನ ಅಲ್ಪ, ಏಕೆಂದರೆ ಕಾವು ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ತಡೆಯುವುದಾದರೆ ಹೊರಗೇ ತಡೆಯಬೇಕು. ನಾವು ಪ್ರತಿ ಕಿಟಕಿಗೂ ಮುಂದಿನ ದೊಡ್ಡ ಗಾಜಿಗೂ ಹೊರಗಿನಿಂದ ಹಾಕುವ ಮುಸುಕು ಹೊಲಿಸಿದೆವು. ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ನಾಲ್ಕು ಮಡಿಕೆ ದಪ್ಪ ಬಟ್ಟೆಯ ಮೇಲೆ ಹೊಲಿಗೆ ಓಡಿಸುವ ಯಂತ್ರಗಳೂ ಕೈಗಳೂ ಅಲ್ಲಿವೆ. ನೀಲಿ ಬಟ್ಟೆ ಬಿಸಿಲು ಹೀರುತ್ತದೆ ಎಂದು ತಿಳಿಬಣ್ಣದ ಕ್ಯಾನ್ವಾಸ್ ಕೊಟ್ಟೆವು. ನಡುವೆ ಅಲ್ಯುಮಿನಿಯಂ ಲೇಪದ ಹಾಳೆ, ಅಂಚಿನಲ್ಲಿ ಅಯಸ್ಕಾಂತ. ಹಾಕಲು ಐದು ನಿಮಿಷ, ಮಡಚಿದರೆ ಮಂಚದ ಕೆಳಗೆ ಸೇರುತ್ತವೆ. ಇಡೀ ಗಾಡಿಯಲ್ಲಿ ನಾನು ಮಾಡಿಸಿದ ಅತ್ಯುತ್ತಮ ಕೆಲಸ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಚಾವಣಿ ಬಿಳಿಯದೇ ಆಗಿರಲಿ. ಸೌರಫಲಕವನ್ನು ಚಾವಣಿಗೆ ಅಂಟಿಸದೆ ಎರಡು ಮೂರು ಇಂಚು ಎತ್ತರದಲ್ಲಿ ಕೂರಿಸಿದರೆ ಅದೇ ನೆರಳಿನ ಚಪ್ಪರವಾಗುತ್ತದೆ, ಕೆಳಗೆ ಗಾಳಿ ಆಡಿ ಫಲಕವೂ ತಂಪಾಗಿರುತ್ತದೆ.

ಗಾಳಿಗೆ ಒಳದಾರಿ ಕೆಳಗೆ, ಹೊರದಾರಿ ಮೇಲೆ ಇರಬೇಕು. ಚಾವಣಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಟ್ಟು, ನೆಲದ ಹತ್ತಿರ ಜಾಲರಿ ಹಾಕಿದ ಕಿಂಡಿ ಬಿಟ್ಟರೆ ಕಾದ ಗಾಳಿ ತಾನೇ ಮೇಲೇರಿ ಹೋಗುತ್ತದೆ. ಗಾಡಿ ನಿಲ್ಲಿಸುವಾಗ ಹಿಂಬಾಗಿಲನ್ನು ಪಡುವಣಕ್ಕೆ ಮಾಡಿ. ಸಂಜೆಯ ಓರೆ ಬಿಸಿಲು ಉದ್ದ ಮಗ್ಗುಲಿಗೆ ಹೊಡೆಯುವ ಬದಲು ಕಿರಿದಾದ ಹಿಂಭಾಗಕ್ಕೆ ಹೊಡೆಯುತ್ತದೆ.

ಇಷ್ಟಾದ ಮೇಲೆ ಇನ್ಸುಲೇಷನ್. ಚಾವಣಿಗೆ ಒಂದು ಇಂಚು, ಗೋಡೆಗೆ ಅರ್ಧ ಇಂಚಿನ ನೈಟ್ರೈಲ್ ರಬ್ಬರ್ ಫೋಮ್ ಸಾಕಾಯಿತು. ಗ್ಲಾಸ್‌ವೂಲ್ ಬೇಡ. ಗಾಡಿಯ ಕುಲುಕಿಗೆ ಅದು ಕುಸಿದು ಕೆಳಗೆ ಕೂರುತ್ತದೆ, ತೇವ ಸೇರಿದರೆ ಬಿಡುವುದಿಲ್ಲ. ವಿಡಿಯೊ ನೋಡಿ ಮೂರು ಮೂರು ಇಂಚು ತುಂಬಿಸುವವರಿಗೆ ನನ್ನ ವಿನಂತಿ: ಹಗಲಿನ ಕಾವು ಒಳಗೆ ಸೇರಿಕೊಂಡರೆ ಆ ದಪ್ಪವೇ ರಾತ್ರಿ ಅದನ್ನು ಹೊರಗೆ ಬಿಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ಬಾಗಿಲು ತೆರೆದು ಫ್ಯಾನ್ ಓಡಿಸಿದ ಮೇಲೆಯೇ ಹಾಸಿಗೆ ಹಾಸಿ.

ಎಸಿ ಹಾಕಿಸಬಾರದೇ?

ಲೆಕ್ಕ ನೋಡೋಣ. ಚಿಕ್ಕ ಎಸಿ 700 ವಾಟ್ ಎಂದಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆ, ನಡುನಡುವೆ ಕಂಪ್ರೆಸರ್ ನಿಲ್ಲುವುದನ್ನು ಕಳೆದರೂ ಸುಮಾರು 4,000 ವಾಟ್-ಅವರ್ (ವಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಬೇಕು. ಅಂದರೆ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಮೂರಕ್ಕಿಂತ ಹೆಚ್ಚು. ಮರುದಿನ ಅವನ್ನು ತುಂಬಲು 1,000 ವಾಟ್‌ಗೂ ಮೀರಿದ ಫಲಕ. ಅಷ್ಟಕ್ಕೆ ಚಾವಣಿಯಲ್ಲಿ ಜಾಗ ಹೊಂದಿಸುವುದೇ ಕಷ್ಟ. ನೆರೆಹೊರೆಯಲ್ಲಿ ಪ್ಲಗ್ ಸಿಗುವ ಜಾಗದಲ್ಲಿ ಮಾತ್ರ ಎಸಿ ಓಡಿಸುತ್ತೇನೆ ಎಂದರೆ ಆ ಮಾತು ಬೇರೆ.

ನಮ್ಮ ನೆಲಕ್ಕೆ ಏರ್ ಕೂಲರ್ ಹೇಳಿ ಮಾಡಿಸಿದ್ದು. ರಾಯಚೂರು, ಬಳ್ಳಾರಿಯ ಬೇಸಿಗೆ ಗಾಳಿ ಒಣ ಗಾಳಿ. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ. 12 ವೋಲ್ಟಿನ ಚಿಕ್ಕ ಕೂಲರ್ ಎಸಿಯ ಹತ್ತನೇ ಒಂದು ಪಾಲಿನಷ್ಟು ವಿದ್ಯುತ್ತಿನಲ್ಲಿ ಓಡುತ್ತದೆ. ಆದರೆ ನೀರು ಕುಡಿಯುತ್ತದೆ, ಕಿಟಕಿ ತೆರೆದಿರಬೇಕು. ಶ್ರಾವಣದಲ್ಲಿ ಅಥವಾ ಮಂಗಳೂರಿನ ಕಡೆ ಹೋದಾಗ ಅದು ಕೆಲಸಕ್ಕೆ ಬಾರದು. ಅಲ್ಲಿ ಬರೀ ಫ್ಯಾನು.

ಎಷ್ಟು ಬ್ಯಾಟರಿ, ಎಷ್ಟು ಸೌರಫಲಕ?

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ದಿನದ ಬಳಕೆ ಬರೆಯಿರಿ. ನಮ್ಮದು ಹೀಗಿದೆ: 45 ವಾಟ್‌ನ ಕಂಪ್ರೆಸರ್ ಫ್ರಿಜ್ಜು ಬೇಸಿಗೆಯಲ್ಲಿ ಅರ್ಧ ಹೊತ್ತು ಓಡಿದರೆ 540 ವಾಟ್-ಅವರ್. 15 ವಾಟ್‌ನ ಎರಡು ಫ್ಯಾನ್ ಹತ್ತು ಗಂಟೆಗೆ 300. ದೀಪಕ್ಕೆ 60, ಮೊಬೈಲ್ ಮತ್ತು ಲ್ಯಾಪ್‌ಟಾಪಿಗೆ 150, ಪಂಪಿಗೆ 20. ಒಟ್ಟು ಸುಮಾರು 1,070. ಕೂಲರ್ ಓಡಿಸುವ ತಿಂಗಳಲ್ಲಿ ಇದಕ್ಕಿಂತ ಹೆಚ್ಚು.

300 ವಾಟ್ ಫಲಕ, ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದರೆ ಕಾಗದದ ಮೇಲೆ 1,500. ಕೈಗೆ ಸಿಗುವುದು ಹೆಚ್ಚೆಂದರೆ ಅದರ ಶೇ 70. ಬಿಸಿಲ ನಾಡಿನಲ್ಲಿ ಫಲಕ ಹೆಚ್ಚು ಕೊಡಬೇಕಲ್ಲ ಎಂದು ಜನ ಕೇಳುತ್ತಾರೆ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇ 0.4ರ ಆಸುಪಾಸಿನಲ್ಲಿ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಫಲಕ 65 ಡಿಗ್ರಿ ಮುಟ್ಟಿದರೆ ಶೇ 15ರಷ್ಟು ಅಲ್ಲೇ ಹೋಯಿತು. ಮೇಲೆ ದೂಳು ಕೂತರೆ ಇನ್ನಷ್ಟು. ಹಾಗಾಗಿ ನಾವು 400 ವಾಟ್ ಹಾಕಿಸಿದೆವು. ಬೆಳಿಗ್ಗೆ ಬಿಸಿಲೇರುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆಗಿರಲಿ. 12.8 ವೋಲ್ಟಿನ 100 ಆಂಪಿಯರ್-ಅವರ್‌ನಲ್ಲಿ 1,280 ವಾಟ್-ಅವರ್ ಇರುತ್ತದೆ, ಅದರ ಬಹುಪಾಲನ್ನು ಬಳಸಬಹುದು. ತೂಕ ಹನ್ನೆರಡು ಕೆ.ಜಿ.ಯ ಆಸುಪಾಸು. ಮನೆಯ ಇನ್ವರ್ಟರಿನ 150 ಆಂಪಿಯರಿನ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕೆ.ಜಿ. ದಾಟುತ್ತದೆ, ಅದನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಕಾವು ಎರಡಕ್ಕೂ ಶತ್ರು. ಬ್ಯಾಟರಿಯನ್ನು ಎಂಜಿನ್ ಪಕ್ಕದಲ್ಲಾಗಲಿ ಬಿಸಿಲು ಬೀಳುವ ಮಗ್ಗುಲಲ್ಲಾಗಲಿ ಇಡದೆ, ಮಂಚದ ಕೆಳಗೆ ಗಾಳಿಯಾಡುವ ಕಡೆ ಇಡಿ. 45 ಡಿಗ್ರಿಗಿಂತ ಕೆಳಗೆ ಉಳಿಸಿಕೊಳ್ಳಲು ನೋಡಿ.

ಓಡುವಾಗ ಎಂಜಿನ್ನಿನಿಂದ ಚಾರ್ಜ್ ಮಾಡಲು ನಡುವೆ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಹೊಸ ಗಾಡಿಗಳ ಆಲ್ಟರ್ನೇಟರ್ ವೋಲ್ಟೇಜನ್ನು ತನಗೆ ಬೇಕಾದಂತೆ ಏರಿಳಿಸುತ್ತದೆ, ನೇರ ಜೋಡಿಸಿದರೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ವೈರಿಂಗನ್ನು ಮನೆಯ ಎಲೆಕ್ಟ್ರಿಷಿಯನ್ ಮಾಡಬಹುದೇ?

12 ವೋಲ್ಟಿನ ಗುಣ ಬಲ್ಲವರಾದರೆ ಮಾಡಬಹುದು. ಮೊದಲ ಸಲ ನಾನು ಒಂದು ಇನ್ವರ್ಟರ್ ಅಂಗಡಿಗೆ ಒಪ್ಪಿಸಿದೆ. ಅವರು ಮನೆಗೆ ಎಳೆಯುವ 2.5 ಚದರ ಮಿ.ಮೀ. ವೈರನ್ನೇ ಇನ್ವರ್ಟರಿಗೆ ಎಳೆದಿದ್ದರು. ಕಾರಟಗಿಯ ಹತ್ತಿರ ಸುಟ್ಟ ವಾಸನೆ ಬಂದು ಗಾಡಿ ನಿಲ್ಲಿಸಿ ನೋಡಿದರೆ ವೈರಿನ ಹೊದಿಕೆ ಮೇಣದಂತೆ ಮೆತ್ತಗಾಗಿತ್ತು. ಹಿಂದೆ ನನ್ನ ತಾಯಿ ಮಲಗಿದ್ದರು. ಆ ಹತ್ತು ನಿಮಿಷವನ್ನು ನಾನು ಇಂದಿಗೂ ಮರೆತಿಲ್ಲ.

230 ವೋಲ್ಟಿನಲ್ಲಿ 1,000 ವಾಟ್ ಎಂದರೆ ನಾಲ್ಕೈದು ಆಂಪಿಯರ್. ಅದೇ 1,000 ವಾಟ್ 12 ವೋಲ್ಟಿನಲ್ಲಿ ತೊಂಬತ್ತರಿಂದ ನೂರು ಆಂಪಿಯರ್. ಅದಕ್ಕೆ 35 ಚದರ ಮಿ.ಮೀ. ದಪ್ಪದ ತಾಮ್ರದ ಕೇಬಲ್, ಕೇಬಲ್ ತುದಿಗೆ ಒತ್ತುಯಂತ್ರದಲ್ಲಿ ಒತ್ತಿದ ಲಗ್ಗು, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಪ್ರತಿ ಶಾಖೆಗೂ ತನ್ನದೇ ಫ್ಯೂಸ್. ತಗಡು ದಾಟುವ ಕಡೆಗಳಲ್ಲಿ ರಬ್ಬರ್ ಬಳೆ. ಎರಡು ಕೆ.ಜಿ.ಯ ಪುಡಿ ತುಂಬಿದ ಬೆಂಕಿ ನಂದಕವನ್ನು ಚಾಲಕನ ಸೀಟಿನ ಬಳಿ ಇಡಿ, ಮಂಚದ ಕೆಳಗಲ್ಲ.

ಅಡುಗೆಗೆ ಗ್ಯಾಸ್ ಇಡಬಹುದೇ?

ಮನೆಯ 14.2 ಕೆ.ಜಿ. ಸಿಲಿಂಡರ್ ಬೇಡ. ಐದು ಕೆ.ಜಿ.ಯ ಚಿಕ್ಕ ಸಿಲಿಂಡರ್ ಇಟ್ಟುಕೊಳ್ಳುವುದಾದರೆ ಓಡುವಾಗ ಅಲುಗದಂತೆ ನೆಟ್ಟಗೆ ಬಿಗಿದಿರಬೇಕು, ಮಲಗಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗಿದಾಗ ತಲೆ ಇರುವ ಮಟ್ಟದಲ್ಲಿ. ಕಿಟಕಿ ಮುಚ್ಚಿ ಒಲೆ ಹಚ್ಚಬೇಡಿ.

ಇಷ್ಟು ಹೇಳಿದ ಮೇಲೆ ನಮ್ಮ ನಿಜವಾದ ಅಭ್ಯಾಸ ಹೇಳುತ್ತೇನೆ. ನಾವು ಗಾಡಿಯಲ್ಲಿ ದಿನಕ್ಕೆ ಒಂದು ಹೊತ್ತು ಮಾತ್ರ ಒಲೆ ಹಚ್ಚುತ್ತೇವೆ, ಅದೂ ಬಾಗಿಲ ಹೊರಗೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದಿಷ್ಟು ಮೊಸರು, ಈರುಳ್ಳಿ ಇದ್ದರೆ ಊಟವಾಯಿತು. ದೂರ ಪ್ರಯಾಣದ ಅಡುಗೆಯನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದಾರೆ. ಹಾಗಾಗಿ ಅಡುಗೆಮನೆಗೆ ದುಡ್ಡು ಸುರಿಯುವ ಮುನ್ನ ನೀವು ದಾರಿಯಲ್ಲಿ ಏನು ತಿನ್ನುತ್ತೀರಿ ಎಂದು ಯೋಚಿಸಿ. ರೊಟ್ಟಿಗೆ ಮಾತ್ರ ಗಾಳಿಯಾಡದ ಅಗಲ ಡಬ್ಬಿ ಮಾಡಿಸಿ, ಇಲ್ಲದಿದ್ದರೆ ಮೊದಲ ಗುಂಡಿಗೇ ಪುಡಿಯಾಗುತ್ತದೆ.

ನೀರಿನ ಏರ್ಪಾಡು?

ಬಳಸುವ ನೀರು, ಕುಡಿಯುವ ನೀರು ಎರಡನ್ನೂ ಬೇರೆ ಇಡಿ. ಈ ಮಾತಿಗೆ ನಮ್ಮ ಜಿಲ್ಲೆಗಳಲ್ಲಿ ಗಟ್ಟಿ ಕಾರಣವಿದೆ. ಕೊಪ್ಪಳ, ರಾಯಚೂರು ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದು ಇನ್ನಷ್ಟು ಗಾಢವಾಗುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿಗೂ ಅದು ಸಿಕ್ಕುವುದಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವುದು ನಮ್ಮ ಪದ್ಧತಿ. ಮುಂದಿನ ಊರಿನ ಘಟಕ ಕೆಟ್ಟಿರಬಹುದು ಎಂದು ಯಾವಾಗಲೂ ಎರಡು ಕ್ಯಾನ್.

ಬಳಕೆಗೆ 60 ಲೀಟರಿನ ಟ್ಯಾಂಕು ನೆಲಮಟ್ಟದಲ್ಲಿ, ಹಿಂದಿನ ಅಚ್ಚಿನ ಮುಂದೆ ಇದೆ. ಇಬ್ಬರಿಗೆ ಎರಡು ದಿನ ಬರುತ್ತದೆ. ಗಡಸು ನೀರಿನ ಬಿಳಿ ಹರಳು ನಲ್ಲಿ, ಪಂಪು, ಕೂಲರ್ ಪ್ಯಾಡಿನಲ್ಲಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರು ಹರಿಸಿ ತೊಳೆಯಿರಿ.

ಶೌಚಕ್ಕೆ ಏನು ಮಾಡುತ್ತೀರಿ?

ಹೆಂಗಸರು ಇದನ್ನು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ಎಲ್ಲರೆದುರು ಕೇಳಬೇಕಾದ ಪ್ರಶ್ನೆ ಇದು, ಏಕೆಂದರೆ ಮನೆಯ ಹೆಂಗಸರು ಗಾಡಿಯಲ್ಲಿ ಬರುತ್ತಾರೋ ಇಲ್ಲವೋ ಎಂಬುದು ಇದರ ಮೇಲೆಯೇ ನಿಂತಿದೆ. ಹಗಲು ಪೆಟ್ರೋಲ್ ಬಂಕ್, ಬಸ್ ನಿಲ್ದಾಣ. ರಾತ್ರಿಗೆ ಗಾಡಿಯೊಳಗೆ ಒಣ ಶೌಚದ ಪೆಟ್ಟಿಗೆ, ಸುತ್ತ ಪರದೆ. ಮೂತ್ರಕ್ಕೆ ಬೇರೆ ಕ್ಯಾನ್. ಪ್ರತಿ ಸಲವೂ ಮೇಲೆ ಭತ್ತದ ಹೊಟ್ಟಿನ ಬೂದಿ ಉದುರಿಸುತ್ತೇವೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಅದಕ್ಕೆ ಬರವಿಲ್ಲ, ವಾಸನೆಯನ್ನು ಚೆನ್ನಾಗಿ ಹಿಡಿಯುತ್ತದೆ. ತುಂಬಿದ್ದನ್ನು ಮನೆಯ ಅಥವಾ ತಂಗುದಾಣದ ಶೌಚಾಲಯಕ್ಕೇ ಸುರಿಯಬೇಕು. ತುಂಗಭದ್ರಾ ಕಾಲುವೆಗೆ ಚೆಲ್ಲುವವರನ್ನು ಕಂಡಿದ್ದೇನೆ. ಆ ನೀರನ್ನು ಕೆಳಗಿನ ಊರುಗಳ ಜನ ಕುಡಿಯುತ್ತಾರೆ.

ಹಾಸಿಗೆಗೆ ಫೋಮ್ ಎಷ್ಟು ದಪ್ಪ?

ನಾಲ್ಕು ಇಂಚು, ಕೆಳಗೆ ಗಾಳಿಯಾಡುವ ಪಟ್ಟಿಗಳು. ಮೇಲೆ ರೆಕ್ಸಿನ್ ಬೇಡ, ಬೆವರಿಗೆ ಅಂಟುತ್ತದೆ. ಹಳೆಯ ಸೀರೆಗಳ ಕೌದಿ ಹಾಸಿದರೆ ಅದಕ್ಕಿಂತ ಹಿತವಾದದ್ದಿಲ್ಲ.

ಎಲ್ಲ ಹೇರಿದ ಮೇಲೆ ತೂಕ ಹೆಚ್ಚಾಯಿತೇ ಎಂದು ತಿಳಿಯುವುದು ಹೇಗೆ?

ಅಕ್ಕಿ ಗಿರಣಿಯ ಕಾಟಾ (ಲಾರಿ ತೂಗುವ ತಕ್ಕಡಿ) ಮೇಲೆ ನಿಲ್ಲಿಸಿ. ನೀರು, ಡೀಸೆಲ್ ತುಂಬಿಸಿ, ಜನರೂ ಕೂತು ತೂಗಿಸಿ. ಆಮೇಲೆ ಹಿಂದಿನ ಚಕ್ರ ಮಾತ್ರ, ಮುಂದಿನ ಚಕ್ರ ಮಾತ್ರ ಕಾಟಾ ಮೇಲಿಟ್ಟು ಬೇರೆ ಬೇರೆ ಚೀಟಿ ಪಡೆಯಿರಿ. ಒಟ್ಟು ತೂಕ ಆರ್‌ಸಿಯಲ್ಲಿರುವ ಮಿತಿಯೊಳಗೇ ಇದ್ದು ಹಿಂದಿನ ಅಚ್ಚಿನ ಮೇಲೆ ಮಾತ್ರ ಮಿತಿ ಮೀರಿರುವುದು ಸಾಮಾನ್ಯ. ನಮ್ಮ ಗಾಡಿಯಲ್ಲೂ ಹಾಗೆಯೇ ಆಗಿತ್ತು. ಸ್ಪ್ರಿಂಗಿನ ಪಾಟಾ ಹೆಚ್ಚಿಸುವ ಬದಲು ಟ್ಯಾಂಕನ್ನು ಮುಂದಕ್ಕೆ ತಂದೆವು, ದಪ್ಪ ಪ್ಲೈವುಡ್ ತೆಗೆದು ಹಗುರವಾದ ಮಲ್ಟಿವುಡ್ (ಪಿವಿಸಿ ಹಲಗೆ) ಹಾಕಿಸಿದೆವು.

ಎರೆ ಹೊಲದ ದಾರಿಯಲ್ಲಿ ಇಳಿಸಬಹುದೇ?

ಒಣಗಿದ್ದಾಗ ಇಳಿಸಿ. ಮೋಡ ಕಂಡರೆ ಡಾಂಬರಿಗೆ ಬನ್ನಿ. ಅರ್ಧ ಗಂಟೆಯ ಮಳೆ ಸಾಕು, ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಸಿಕ್ಕಿಬಿದ್ದಾಗ ಎಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಗುದ್ದಲಿ, ಗೋಣಿಚೀಲ, ಎಳೆಯುವ ಬೆಲ್ಟ್ ಇರಲಿ. ಟ್ರ್ಯಾಕ್ಟರ್ ತರುವ ರೈತರಿಗೆ ಡೀಸೆಲ್ ದುಡ್ಡು ಕೊಡುವುದನ್ನು ಮರೆಯಬೇಡಿ, ಅವರು ಬೇಡ ಎಂದರೂ.

ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ತೊಗರಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಹೋದರೆ ಹೊಟ್ಟು ಅಚ್ಚಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ಸಾಧ್ಯವಾದಷ್ಟು ಅಂಚಿನಲ್ಲಿ ಹೋಗಿ, ದಾಟಿದ ಕೂಡಲೇ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಬಿಎಸ್-6 ಡೀಸೆಲ್ ಗಾಡಿಯವರು ಇನ್ನೂ ಎಚ್ಚರವಾಗಿರಬೇಕು. ಅದರ ಹೊಗೆಯ ಫಿಲ್ಟರ್ ತಾನು ಹಿಡಿದಿಟ್ಟ ಮಸಿಯನ್ನು ಸುಟ್ಟುಕೊಳ್ಳುವಾಗ ಹೊಗೆಕೊಳವೆ ವಿಪರೀತ ಕಾಯುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಲೇಬೇಡಿ.

ನಿರ್ವಹಣೆಯಲ್ಲಿ ಯಾವುದಕ್ಕೆ ಹೆಚ್ಚು ಗಮನ?

ಏರ್ ಫಿಲ್ಟರ್. ಸಂಡೂರಿನ ಕಡೆ ಅದಿರು ಲಾರಿಗಳ ಹಿಂದೆ ಒಂದು ದಿನ ಓಡಿಸಿದರೆ ಫಿಲ್ಟರ್ ಕೆಂಪಾಗುತ್ತದೆ. ಪುಸ್ತಕದಲ್ಲಿ ಹೇಳಿದ ಅವಧಿಯ ಅರ್ಧಕ್ಕೇ ನಾನು ಬದಲಿಸುತ್ತೇನೆ. ರೇಡಿಯೇಟರಿಗೆ ಬೋರಿನ ನೀರು ಹಾಕಬೇಡಿ, ಒಳಗೆ ಹರಳು ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಜೊತೆಗಿರಲಿ.

ಟೈರಿನ ಆಯಸ್ಸನ್ನು ಸವೆತದಿಂದ ಅಳೆಯಬೇಡಿ. ಕ್ಯಾಂಪರ್ ವ್ಯಾನ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ನೆಲ ಮುಟ್ಟುವ ಮೈ ಹೊಸದರಂತಿದ್ದರೂ ಮಗ್ಗುಲು ಬಿಸಿಲಿಗೆ ಬಿರಿದಿರುತ್ತದೆ. ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ: 2322 ಎಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿಗೆ ಐದಾರು ವರ್ಷ ದಾಟಿಸಬೇಡಿ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಅಳೆಯಿರಿ. ಮಧ್ಯಾಹ್ನ ಹೆಚ್ಚು ತೋರಿಸಿತೆಂದು ಇಳಿಸಿದರೆ ಮರುಬೆಳಿಗ್ಗೆ ಕಡಿಮೆಯಾಗಿರುತ್ತದೆ, ಕಡಿಮೆ ಗಾಳಿಯ ಟೈರೇ ಕಾದು ಸಿಡಿಯುವುದು.

ತಿಂಗಳುಗಟ್ಟಲೆ ನಿಲ್ಲಿಸುವಾಗ ನೀರು ಬಸಿದು, ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಡಿ. ಗದ್ದೆ ಹತ್ತಿರದಲ್ಲಿದ್ದರೆ ಇಲಿ ಬಂದೇ ಬರುತ್ತದೆ. ನೆಲದ ಪ್ರತಿ ತೂತಿಗೂ ಉಕ್ಕಿನ ಜಾಲರಿ ಹಾಕಿ, ಒಳಗೆ ಒಂದು ಕಾಳನ್ನೂ ಬಿಡಬೇಡಿ. ವಾರಕ್ಕೊಮ್ಮೆ ಬಾನೆಟ್ ತೆರೆಯಿರಿ.

ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಹಂಪಿಯಲ್ಲಿ?

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಆನೆಗೊಂದಿ, ಸಾಣಾಪುರದ ಕಡೆಗೂ ಹಂಪಿ ಪ್ರಾಧಿಕಾರದ ನಿಯಮಗಳಿವೆ. ಸ್ಮಾರಕಗಳ ಬಳಿ ಗಾಡಿಯಲ್ಲಿ ಮಲಗುವ ಯೋಚನೆ ಬಿಡಿ. ಹೋಂ ಸ್ಟೇ ಅಂಗಳದಲ್ಲಿ ದುಡ್ಡು ಕೊಟ್ಟು ನಿಲ್ಲಿಸುವುದು ನಮ್ಮ ಕ್ರಮ. ಪ್ಲಗ್, ಸ್ನಾನ ಎರಡೂ ಸಿಗುತ್ತವೆ. ಬೇರೆ ಊರುಗಳಲ್ಲಿ ಕತ್ತಲಾಗುವ ಮೊದಲೇ ತಲುಪಿ, ದೇವಸ್ಥಾನದ ಅರ್ಚಕರನ್ನೋ ಊರ ಹಿರಿಯರನ್ನೋ ಕೇಳಿ ನಿಲ್ಲುತ್ತೇವೆ. ಕೇಳಿ ನಿಂತವರನ್ನು ಊರೇ ಕಾಯುತ್ತದೆ.

ಕಾಲುವೆ ದಂಡೆ, ಕೆರೆಯಂಚು, ಗುಡ್ಡದ ಬುಡ ಎಷ್ಟೇ ಚೆಂದ ಕಂಡರೂ ರಾತ್ರಿಗೆ ಬೇಡ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯ ನೋವು ನಮ್ಮ ಕಡೆಯ ಎಲ್ಲರಲ್ಲೂ ಇದೆ. ಅಲ್ಲಿನ ಗುಡ್ಡಗಳಲ್ಲಿ ಚಿರತೆ, ಕರಡಿಗಳೂ ಇವೆ. ಎಲ್ಲಿ ನಿಂತರೂ ಗಾಡಿಯ ಮುಖ ರಸ್ತೆಯ ಕಡೆಗಿರಲಿ, ಚಾಲಕನ ಸೀಟು ಖಾಲಿ ಇರಲಿ.

ಮೊದಲ ಪ್ರವಾಸ ಎಲ್ಲಿಗೆ?

ಗೋವೆಗೂ ಬೇಡ, ಲಡಾಖಿಗೂ ಬೇಡ. ದೀಪಾವಳಿಯಾದ ಮೇಲೆ, ತಪ್ಪು ಕಂಡರೆ ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ ಎರಡು ರಾತ್ರಿ. ನಾವು ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಮೇಲೆ ಮುದಗಲ್ಲಿನ ಕೋಟೆಗೆ ಹೋಗಿ, ಲಿಂಗಸುಗೂರು ದಾಟಿ, ಅಶೋಕನ ಹೆಸರೇ ಕೊರೆದಿರುವ ಮಸ್ಕಿಯ ಬಂಡೆ ಶಾಸನ ನೋಡಿ, ಸಿಂಧನೂರು, ಕಾರಟಗಿ ಮಾರ್ಗವಾಗಿ ಮರಳಿದೆವು. ಕೊಪ್ಪಳದವರಾದರೆ ಕುಕನೂರಿನ ನವಲಿಂಗ ಗುಡಿ, 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ಇದೆ. ಕಳಚಿದ ಬಿಜಾಗರಿ, ಸದ್ದು ಮಾಡುವ ಡ್ರಾಯರ್, ಸಾಮರ್ಥ್ಯ ಸಾಲದ ಫ್ಯೂಸ್ ಎಲ್ಲವೂ ಈ ಎರಡು ದಿನದಲ್ಲೇ ಹೊರಬೀಳುತ್ತವೆ. ಬರೆದಿಟ್ಟುಕೊಳ್ಳಿ.

ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗಬಹುದೇ?

ನಾವು ಗಾಡಿ ಕಟ್ಟಿದ್ದೇ ಅದಕ್ಕೆ. ನನ್ನ ತಾಯಿಗೆ ಮಂಡಿನೋವು, ಲಾಡ್ಜಿನ ಮೆಟ್ಟಿಲು ಹತ್ತಲಾಗದು. ಮೊದಲು ಅವರಿಗೆ ಗಾಡಿಯ ಮೆಟ್ಟಿಲೂ ಎತ್ತರವಾಗಿತ್ತು. ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯವರು ಅವರನ್ನೇ ಬಾಗಿಲ ಬಳಿ ನಿಲ್ಲಿಸಿ, "ಕಾಲು ಎಷ್ಟು ಎತ್ತುತ್ತೀರಿ ತೋರಿಸಿ ಅವ್ವಾ" ಎಂದು ಕೇಳಿ, ಪಟ್ಟಿ ಹಿಡಿದು ಅಳೆದರು. ಏಳು ಇಂಚು ಬಂತು. ಅದೇ ಅಳತೆಗೆ ಮಡಚುವ ಎರಡು ಮೆಟ್ಟಿಲು, ಬಾಗಿಲ ಎರಡೂ ಬದಿಗೆ ಕೈಹಿಡಿ, ಒಳಗೆ ಕೂತ ಕಡೆಯಿಂದಲೇ ಕೈಗೆಟುಕುವ ದೀಪದ ಸ್ವಿಚ್ಚು ಹಾಕಿಸಿದೆವು. ನಿಮ್ಮ ಮನೆಯಲ್ಲೂ ಮೊದಲು ಆ ಅಳತೆ ತೆಗೆಯಿರಿ, ಮಂಚದ ಉದ್ದ ಆಮೇಲೆ ನೋಡಿಕೊಳ್ಳಬಹುದು.